ಚಾವಡಿಯಲ್ಲಿ ಓದಿದ ಹೆಸರು

ಊರಿನ ಬಗ್ಗೆ ಬರೆದದ್ದನ್ನು ಆ ಊರಿನ ಎದುರಿಗೇ ಓದಿ ಹೇಳದೆ ಯಾರೂ ಊರು ಬಿಡಬಾರದು. ವಿಶ್ವವಿದ್ಯಾಲಯದ ಎಂಟು ವಿದ್ಯಾರ್ಥಿಗಳು ನಾವು ಬೇಸಿಗೆಯ ಎರಡು ತಿಂಗಳ ಮಟ್ಟಿಗೆ ಸೇವಾರ್ಥಿಗಳಾಗಿ ಸೇರಿಕೊಂಡ ಸಂಸ್ಥೆಯ ಮೊದಲ ನಿಯಮ ಇದು. ಬಸವನ ಬಾಗೇವಾಡಿಯ ಒಂದು ಮಾಳಿಗೆ ಮನೆಯ ಎರಡು ಖೋಲಿಗಳಲ್ಲಿ ಆ ಸಂಸ್ಥೆ ನಡೆಯುತ್ತಿತ್ತು. ಅದನ್ನು ಕಟ್ಟಿದ ಹಿರಿಯರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ನಾವು ಬಂದಿಳಿದ ದಿನವೇ ಅವರು ನಮ್ಮನ್ನು ಚಾಪೆಯ ಮೇಲೆ ಕೂಡಿಸಿ ಹೇಳಿದರು: "ಬೆನ್ನ ಹಿಂದ ಬರಿಯೋದು ಚಾಡಿ. ಮುಂದ ನಿಂತು ಓದೋದು ಸೇವಾ. ಚಾಡಿ ಹೇಳಾಕ ನಿಮ್ಮನ್ನ ಕರಸಿಲ್ಲ."

ಆ ಮಾತಿಗೆ ನನ್ನಷ್ಟು ಹಿಗ್ಗಿದವರು ಆ ಚಾಪೆಯ ಮೇಲೆ ಇನ್ನೊಬ್ಬರಿರಲಿಲ್ಲ. ನಾನು ಕಲಿತ ಶಾಲೆ ಬೇರೆ ಬಗೆಯದು. ಅಲ್ಲಿ ಬೆತ್ತವಿರಲಿಲ್ಲ, ಪಂಕ್ತಿಭೇದವಿರಲಿಲ್ಲ; ವಾರಕ್ಕೊಮ್ಮೆ ಮಕ್ಕಳೇ ನ್ಯಾಯಸಭೆ ನಡೆಸುತ್ತಿದ್ದೆವು. ತಪ್ಪು ಮಾಡಿದವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಕಂಡವರು ಎದ್ದು ನಿಂತು ಸಾಕ್ಷಿ ನುಡಿಯಬೇಕು, ಸಾಕ್ಷಿ ನುಡಿದವರನ್ನು ಯಾರೂ ಕೆಣಕಕೂಡದು. ಕೆಣಕುತ್ತಲೂ ಇರಲಿಲ್ಲ, ಏಕೆಂದರೆ ಸಂಜೆಗೆ ಎಲ್ಲರೂ ಅದೇ ಅಡಿಗೆಮನೆಯಲ್ಲಿ ಒಂದೇ ಸಾರು ಉಣ್ಣುವವರು. ಲೋಕವೆಲ್ಲ ಹೀಗೆಯೇ ನಡೆಯಬೇಕೆಂದು ನಾನು ಬಯಸಿದ್ದೆ, ನಡೆಯುತ್ತದೆಂದೂ ನಂಬಿಬಿಟ್ಟಿದ್ದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ತಾಲೂಕಿಗೆ ಇಬ್ಬರಂತೆ, ಒಂದೊಂದು ಊರಿನ ಸ್ಥಿತಿಗತಿಯ ವರದಿ ಬರೆಯಲು ನಮ್ಮನ್ನು ಹಂಚಿದರು. ಸಿಂದಗಿ ತಾಲೂಕಿನ ಒಂದು ಊರು ನನಗೂ ನನ್ನ ಸಹಪಾಠಿಯೊಬ್ಬನಿಗೂ ಬಂತು. ಆತ ತಾಳಿಕೋಟೆಯ ಹಳೆಯ ಮುಸಲ್ಮಾನ ಮನೆತನದವನು. ಅಜ್ಜನ ಕಾಲದಿಂದ ಅವರದು ಜವಳಿ ವ್ಯಾಪಾರ. ನಾನು ಅರ್ಧ ತಾಸಿನಲ್ಲಿ ಕೇಳಿ ತಿಳಿಯುತ್ತಿದ್ದುದನ್ನು ಆತ ಕಟ್ಟೆಯ ಮೇಲೆ ಸುಮ್ಮನೆ ಕುಳಿತು ತಿಳಿಯುತ್ತಿದ್ದ. ಆತ ಶಾಲೆಯ ಕೋಣೆಯಲ್ಲಿ ಇಳಿದುಕೊಂಡ. ನಾನು ಹೆಣ್ಣುಮಗಳೆಂದು ನನಗೆ ಊರ ಗೌಡರ ಮನೆಯಲ್ಲಿ, ಅವರ ತಾಯಿಯ ಜೊತೆ, ಇಳಿಯಲು ಏರ್ಪಾಡಾಯಿತು. ಊರಿನ ಬಲಿಷ್ಠರ ಮನೆಯಲ್ಲಿ ಉಣ್ಣಲು ಕೂಡಿಸಿ, ದುರ್ಬಲರ ನೋವನ್ನು ಬರೆದುಕೊಂಡು ಬನ್ನಿರೆಂದು ನಮ್ಮನ್ನು ಕಳಿಸಿದ್ದು ಸಂಸ್ಥೆಯ ತಪ್ಪು. ಆ ಮನೆಯ ರೊಟ್ಟಿ, ಶೇಂಗಾ ಹಿಂಡಿಯನ್ನು ಎರಡು ತಿಂಗಳು ತಿಂದೂ ಅದು ತಪ್ಪೆಂದು ನನಗೆ ಅನ್ನಿಸದಿದ್ದದ್ದು ನನ್ನ ತಪ್ಪು.

ಊರ ನಡುವೆ ಒಂದು ಸೇದುವ ಬಾವಿಯಿತ್ತು. ಸರಕಾರದ ಅಭಿವೃದ್ಧಿ ಯೋಜನೆಯಲ್ಲಿ ತೋಡಿಸಿದ್ದು. 'ಸಾರ್ವಜನಿಕ ಬಾವಿ' ಎಂದು ಕಟ್ಟೆಯ ಕಲ್ಲಿನಲ್ಲಿ ಕೆತ್ತಿತ್ತು. ಆ ಕಲ್ಲಿನ ಕೆಳಗೇ, ಕಟ್ಟೆಯನ್ನು ಮುಟ್ಟದಂತೆ ಒಂದು ಮೊಳ ದೂರದಲ್ಲಿ, ಕೇರಿಯ ಹೆಣ್ಣುಮಕ್ಕಳು ಖಾಲಿ ಕೊಡಗಳನ್ನಿಟ್ಟುಕೊಂಡು ನಿಂತಿರುತ್ತಿದ್ದರು. ಆ ಕೇರಿಯನ್ನು ನಾವು ಹರಿಜನಕೇರಿ ಎನ್ನುತ್ತಿದ್ದೆವು. ಆ ಹೆಸರು ಬೇಕೇ ಎಂದು ಅಲ್ಲಿಯವರನ್ನು ಕೇಳಿದವರಿಲ್ಲ. ನೀರು ಸೇದಲು ಬಂದ ಊರ ಹೆಂಗಸರು ತಮ್ಮ ಕೊಡಗಳು ತುಂಬಿದ ಮೇಲೆ, ಮನಸ್ಸಾದರೆ, ಮೇಲೆ ನಿಂತು ಇವರ ಕೊಡಗಳಿಗೆ ಸುರಿಯುತ್ತಿದ್ದರು. ಕೊಡಕ್ಕೆ ಕೊಡ ತಾಗಕೂಡದು, ಹನಿ ಹಿಂದಕ್ಕೆ ಸಿಡಿಯಕೂಡದು. ಇದು ಅಪರಾಧವೆಂದು ಕಾನೂನು ಬಂದು ವರ್ಷಗಳೇ ಕಳೆದಿದ್ದವು.

ನಾನು ಊರಿಗೆ ಬಂದ ಐದನೆಯ ವಾರ ಅಲ್ಲಿ ನಿಂತಿದ್ದ ಒಬ್ಬ ಹೆಂಗಸನ್ನು ಮಾತಾಡಿಸಿದೆ. ನಲವತ್ತರ ಹತ್ತಿರದ ವಯಸ್ಸು, ಚುರುಕು ಕಣ್ಣು, ಎಷ್ಟು ಹೊತ್ತು ನಿಂತರೂ ನೆಲಕ್ಕೆ ಕೂಡದ ಹಟ.

"ಬಾವಿ ಆದಾಗಿಂದ ಒಂದ ದಿನಾನೂ ನಮ್ಮ ಕೈಲೆ ಹಗ್ಗಾ ಬಿಟ್ಟಿಲ್ಲ ಅಕ್ಕೋರ," ಎಂದಳು. ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ಅಲ್ಲಿಯ ರೂಢಿ. ಕೈಯಲ್ಲಿ ಪುಸ್ತಕವಿದ್ದುದರಿಂದ ನಾನೂ ಅಕ್ಕೋರಾಗಿದ್ದೆ. "ಕೆಳಗ ನಿಂದರ್ತೇವಿ. ಮನಸ ಬಂದ್ರ ಹಾಕ್ತಾರ, ಇಲ್ಲಂದ್ರ ಇಲ್ಲ. ಮೊದಲ ಎರಡ ಕೊಡ ಸಾಕಾಗ್ತಿತ್ತು. ಈಗ ಮಗಳು ಹಡದಾಳ್ರಿ, ನಾಕ ದಿನಾ ಆತು. ಚೊಚ್ಚಲ. ಬಾಣಂತಿಗೆ ಎರೀಬೇಕು, ಕೂಸಿಗೆ ಎರೀಬೇಕು, ಅರಬಿ ಒಗೀಬೇಕು. ಆರು ಕೊಡ ಇಲ್ಲದ ಬಾಣಂತನ ಆಗತೈತೇನ್ರಿ?"

"ಎಷ್ಟ ದಿನ ಇರ್ತಾಳ ಮಗಳು?" ಎಂದು ಕೇಳಿದೆ.

"ಐದ ತಿಂಗಳ ಇಟ್ಕೋತೇನಿ. ಕೂಸಿನ ಮೈ ತುಂಬಿದ ಮ್ಯಾಲ ಕಳಸ್ತೇನಿ. ನಾ ಹಡದಾಗ ನಮ್ಮವ್ವಗ ನೀರ ಸಿಗಲಿಲ್ಲ. ಒಂಬತ್ತ ದಿನಕ್ಕ ಗಂಡನ ಮನಿಗೆ ಅಟ್ಟಿದ್ಲು. ಅದನ್ನ ಇನ್ನೂ ಆಡ್ಕೋತಾರ ನಮ್ಮ ಅತ್ತಿ ಕಡ್ಯಾವರು. ನನ್ನ ಮಗಳಿಗೆ ಹಾಂಗ ಆಗಬಾರ್ದು."

ಒಬ್ಬ ತಾಯಿ ತನ್ನ ಮಗಳಿಗೆ ತವರಿನ ಬಾಣಂತನ ಮಾಡಬೇಕು. ಅದಕ್ಕೆ ದಿನಕ್ಕೆ ಆರು ಕೊಡ ನೀರು ಬೇಕು. ಆಕೆಗಿದ್ದದ್ದು ಇಷ್ಟೇ ಆಸೆ. ನಾನು ಅವಳ ಮಾತನ್ನು ಚಾಚೂ ತಪ್ಪದೆ ಬರೆದುಕೊಂಡೆ. ನಾವು ಮಾಹಿತಿ ತುಂಬುತ್ತಿದ್ದ ತಖ್ತೆಯ ಕೊನೆಯ ಅಂಕಣ 'ಹೇಳಿದವರ ಹೆಸರು'. ಹೇಳಿದವರಿಲ್ಲದ ಮಾಹಿತಿ ಮಾಹಿತಿಯಲ್ಲ ಎಂದು ನಮ್ಮ ಪ್ರಾಧ್ಯಾಪಕರು ಕಲಿಸಿದ್ದರು. ಹೆಸರು ಕೇಳಿದೆ. ಆಕೆ ಒಂದು ಕ್ಷಣ ನನ್ನ ಲೇಖನಿಯನ್ನು ನೋಡಿ ಹೇಳಿದಳು. ಆ ಹೆಸರನ್ನು ಊರ ಮುಂದೆ ಓದುತ್ತೇನೆಂದು ನಾನು ಆಕೆಗೆ ತಿಳಿಸಲಿಲ್ಲ. ಮುಚ್ಚಿಡಬೇಕೆಂದಲ್ಲ, ತಿಳಿಸಬೇಕಾದ ಸಂಗತಿಯೆಂದು ತೋಚಲೇ ಇಲ್ಲ. ಇದಕ್ಕೆ ನನಗೆ ಕ್ಷಮೆಯಿಲ್ಲ.

ವರದಿಯ ಪ್ರತಿ ಸಿದ್ಧಪಡಿಸುತ್ತಿದ್ದಾಗ ತಾಳಿಕೋಟೆಯ ಗೆಳೆಯ ಆ ಪುಟ ಓದಿ ಕನ್ನಡಕ ತೆಗೆದಿಟ್ಟ.

"ಹೆಸರ ತಗೀರಿ."

"ಯಾಕ?"

"ಕೇರಿಯ ಒಬ್ಬ ಹೆಣ್ಣಮಗಳು ಅಂತ ಬರೀರಿ. ಸಾಕು."

"ಹೆಸರ ಇಲ್ಲದ ಮಾತು ಗಾಳಿಮಾತು ಅಂತಾರ. ಊರವರು ಒಪ್ಪಂಗಿಲ್ಲ."

"ಹೆಸರ ಇದ್ರ ಒಪ್ತಾರೇನು?" ಆತ ನಕ್ಕ. "ನಮ್ಮ ಅಜ್ಜ ತಾಳಿಕೋಟಿ ಸಂತ್ಯಾಗ ನಲವತ್ತ ವರ್ಷ ಸೀರಿ ಮಾರ್ಯಾನ. ಯಾವ ಮನಿಯಾಕಿ ಯಾವ ಮನಿಯಾಕಿ ಬಗ್ಗೆ ಏನಂದ್ಲು, ಎಲ್ಲಾ ಕೇಳ್ಯಾನ. ಒಬ್ಬರ ಮುಂದೂ ಆಡಿಲ್ಲ. ಅದಕ್ಕ ಅಂಗಡಿ ಇನ್ನೂ ಐತಿ."

"ಅದು ವ್ಯಾಪಾರ. ಇದು ನ್ಯಾಯ."

"ಹೌದ್ರಿ, ಖರೆ. ನ್ಯಾಯ ಓದಿ ನಾವು ಮೋಟಾರ ಹತ್ತಿ ಹೋಗ್ತೇವಿ. ಆಕಿ ಮೋಟಾರ ಹತ್ತಂಗಿಲ್ಲ."

ಆತನ ಮಾತನ್ನು ನಾನು ಹೇಡಿತನವೆಂದುಕೊಂಡೆ. ಹಾಗೆಂದು ಹೇಳಿಯೂ ಹೇಳಿದೆ. ಆತ ಕನ್ನಡಕ ಹಾಕಿಕೊಂಡು ಉಳಿದ ಪುಟಗಳ ಪ್ರತಿ ಮಾಡತೊಡಗಿದ. ಮತ್ತೆ ಆ ವಿಷಯ ಎತ್ತಲಿಲ್ಲ.

ಆರನೆಯ ವಾರದ ಕೊನೆಗೆ ಓದುವ ದಿನ ಬಂತು. ಕಾಕಾ ಬಾಗೇವಾಡಿಯಿಂದ ಬಂದರು. ಚಾವಡಿಯಲ್ಲಿ ಜಮಖಾನೆ ಹಾಸಿತ್ತು. ಗೌಡರು, ಪಂಚಾಯತಿಯ ಸದಸ್ಯರು, ಶಾಲೆಯ ಮಾಸ್ತರರು ಎಲ್ಲ ಕೂಡಿದರು. ಎಷ್ಟು ಮನೆ, ಎಷ್ಟು ಎತ್ತು, ಶಾಲೆಗೆ ಬರುವ ಮಕ್ಕಳೆಷ್ಟು ಎಂಬುದನ್ನೆಲ್ಲ ಗೆಳೆಯ ಓದಿದ, ಜನ ತಲೆದೂಗಿದರು. ಕುಡಿಯುವ ನೀರಿನ ಪುಟ ನನ್ನದು. ಎದ್ದು ನಿಂತು, ಶಾಲೆಯ ನ್ಯಾಯಸಭೆಯಲ್ಲಿ ಓದುತ್ತಿದ್ದ ದನಿಯಲ್ಲೇ ಓದಿದೆ. ಆಕೆಯ ಮಾತು ಓದಿದೆ. ಆಕೆಯ ಹೆಸರು ಓದಿದೆ.

ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾದಾರೆಂದು ನಾನು ಸಿದ್ಧಳಾಗಿದ್ದೆ, ಉತ್ತರಗಳನ್ನೂ ಹೊಂದಿಸಿಕೊಂಡಿದ್ದೆ. ಗೌಡರು ಎಲೆ ಅಡಿಕೆಯ ಚೀಲ ಬದಿಗಿಟ್ಟು ಮೆಲ್ಲಗೆ ಹೇಳಿದರು: "ಬಾವಿ ಪಂಚಾಯತಿದು ಯವ್ವಾ. ಕಲ್ಲಾಗ ಕೆತ್ತಿಸೇವಿ. ಯಾರು ಬ್ಯಾಡಂದಾರ? ಕರೀರಿ ಆಕಿನ್ನ. ಆಕಿ ಬಾಯಿಲೇ ಕೇಳೂಣು. ಮುಂದ ನಿಂತು ಮಾತಾಡೋದ ಅಲ್ಲೇನ್ರಿ ಕಾಕಾ ನಿಮ್ಮ ಪದ್ಧತಿ?"

ಕಾಕಾ ಹೌದೆಂದರು. ಅವರ ನಿಯಮ ಅವರನ್ನೇ ಕಟ್ಟಿಹಾಕಿತ್ತು.

ಆಕೆ ಬಂದಳು. ಕೈಗೆ ಅಂಟಿದ ಅರಿಶಿನ ಇನ್ನೂ ಹಸಿಯಾಗಿತ್ತು; ಬಾಣಂತಿಗೆ ಹಚ್ಚುತ್ತಿದ್ದವಳು ಹಾಗೆಯೇ ಎದ್ದು ಬಂದಿರಬೇಕು. ಚಾವಡಿಯ ಮೆಟ್ಟಿಲ ಕೆಳಗೆ ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಏನವಾ, ಮಗಳು ಮೊಮ್ಮಗ ಆರಾಮ ಅದಾರಿಲ್ಲೋ?" ಗೌಡರು ಕೇಳಿದರು.

"ಅದಾರ್ರಿ ಗೌಡ್ರ, ನಿಮ್ಮ ದಯಾ."

"ಬಾವಿ ಮುಟ್ಟಬ್ಯಾಡ ಅಂತ ನಿನಗ ಯಾರರ ಅಂದಾರೇನು?"

"ಇಲ್ರಿ."

"ಹಗ್ಗಾ ಬಿಡಬ್ಯಾಡ ಅಂದಾರೇನು?"

"ಯಾರೂ ಅಂದಿಲ್ರಿ. ನಾವಾಗೇ ಬಿಡಂಗಿಲ್ರಿ."

ಹಿಂದೆ ಕುಳಿತಿದ್ದವನೊಬ್ಬ, "ಬಾವಿ ಆಳ ಐತಿ, ಅಂಜತಾಳ," ಎಂದ. ಚಾವಡಿಯೆಲ್ಲ ನಕ್ಕಿತು.

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆ ನಗುವಿನ ಕೆಳಗೆ ಆಕೆ ಮನೆಗೆ ಹೋಗಿಬಿಡುತ್ತಿದ್ದಳು. ಎರಡು ದಿನ ಚುಚ್ಚುಮಾತು ಕೇಳಿ ಮುಗಿಯುತ್ತಿತ್ತು. ಆಕೆಯ ಗಂಡ, ಮೈದುನ ದುಡಿಯುತ್ತಿದ್ದದ್ದು ಆ ಜಮಖಾನೆಯ ಮೇಲೆ ಕುಳಿತವರ ಹೊಲಗಳಲ್ಲಿ. ಇದು ನನಗೆ ಗೊತ್ತಿತ್ತು, ನನ್ನ ವರದಿಯ ಇನ್ನೊಂದು ಪುಟದಲ್ಲೇ ಇತ್ತು. ಆದರೂ ನನ್ನ ಸಾಕ್ಷಿ ನನ್ನ ಕಣ್ಣೆದುರು ಜಾರಿಹೋಗುತ್ತಿದೆ ಎನ್ನಿಸಿತು. ನಾನು ಕಾಗದ ಎತ್ತಿ ಹಿಡಿದೆ.

"ನೀವು ಹಾಂಗ ಹೇಳಿಲ್ಲ. ಬಾವಿ ಹತ್ರ ನಿಂತು ನನಗ ಹೇಳಿದ್ರಿ. ನಿಮ್ಮ ಮಾತು ಇಲ್ಲೇ ಐತಿ ನೋಡ್ರಿ. 'ಬಾವಿ ಆದಾಗಿಂದ ಒಂದ ದಿನಾನೂ...' ಅಂಜಬ್ಯಾಡ್ರಿ. ಖರೆ ಹೇಳ್ರಿ."

ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಅಪರಿಚಿತರನ್ನು ನೋಡುವ ಹಾಗೆ ನೋಡಿದಳು.

ಗೌಡರು ನಗುನಗುತ್ತ ಹೇಳಿದರು: "ಅಕ್ಕೋರು ಕಲತಾವರು. ಸುಳ್ಳ ಬರಿಯಾವರಲ್ಲ. ಹಾಂಗಾರ ಸುಳ್ಳ ಹೇಳಿದಾವರು ಯಾರು ಹೇಳವಾ ನೀನ?"

ಆಕೆ ಅರಿಶಿನದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದಳು. "ನಂದ ತಪ್ಪಾತ್ರಿ," ಎಂದಳು.

"ಇರಲಿ ಬಿಡು. ನಾಳಿಂದ ನೀನ ಸೇದಿಕೋ. ನಿನ್ನ ಬಾವಿ." ಗೌಡರು ಚೀಲ ಬಿಚ್ಚಿದರು. ಸಭೆ ಮುಂದಿನ ಪುಟಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಆಕೆ ಕೊಡ ತಂದು ಎಂದಿನ ಜಾಗದಲ್ಲಿ ನಿಂತಳು. ಯಾರೂ ಅಡ್ಡಿ ಮಾಡಲಿಲ್ಲ. ಯಾರೂ ಬೈಯಲಿಲ್ಲ. ಆಕೆಯ ಕೊಡಕ್ಕೆ ಮಾತ್ರ ನೀರು ಹಾಕಲಿಲ್ಲ. ಹೆಂಗಸರು ಬಂದು, ಸೇದಿ, ತಮ್ಮ ಕೊಡ ಎತ್ತಿಕೊಂಡು ಹೋದರು. "ನಿನಗ ಗೌಡ್ರ ಅಪ್ಪಣೆ ಆಗೇತಲಾ, ಸೇದಿಕೋ," ಎಂದಳು ಒಬ್ಬಳು. ಅಪ್ಪಣೆಯ ಬೆಲೆ ಎಷ್ಟೆಂದು ಕೆಳಗೆ ನಿಂತವಳಿಗೆ ಗೊತ್ತಿತ್ತು: ಅವಳ ಕೈ ಹಗ್ಗ ಮುಟ್ಟಿದ ದಿನವೇ ಗಂಡನ ಕೈಯ ಕೆಲಸ ಹೋಗುತ್ತದೆ, ಮತ್ತು ಅದನ್ನೂ ಯಾರೂ ಮಾಡಿರುವುದಿಲ್ಲ. ನಾನು ಒಬ್ಬ ಮುದುಕಿಯನ್ನು ತಡೆದು ಯಾಕೆ ನೀರು ಹಾಕುತ್ತಿಲ್ಲವೆಂದು ಕೇಳಿದೆ.

"ಮ್ಯಾಲಿಂದ ಹಾಕಿದ್ರ ಮ್ಯಾಲಿಂದ ಹಾಕಿದ್ಲು ಅಂತ ಬರೀತೀರಿ. ಹಾಕಲಿಲ್ಲಂದ್ರ ಹಾಕಲಿಲ್ಲ ಅಂತ ಬರೀತೀರಿ. ನನ್ನ ಹೆಸರನೂ ಚಾವಡ್ಯಾಗ ಗಂಡಸರ ಮುಂದ ಓದಸ್ಬೇಕೇನವಾ? ಮನಿಗೆ ಹೋಗೂದ ಚೊಲೊ." ಅಜ್ಜಿ ಕೊಡದ ಕೆಳಗೆ ತಲೆಯ ಮೇಲಿದ್ದ ಸಿಂಬಿ ಸರಿಮಾಡಿಕೊಂಡು ನಡೆದಳು.

ನೀರು ಹಾಕುವುದು ಅನ್ಯಾಯದ ಪದ್ಧತಿಯೇ, ಅನುಮಾನವಿಲ್ಲ. ಆದರೆ ಆ ಅನ್ಯಾಯದೊಳಗೆ ಒಂದಿಷ್ಟು ಮುಲಾಜು, ಒಂದಿಷ್ಟು ಕರುಣೆ ಸೇರಿಕೊಂಡು ಕೊಡ ತುಂಬುತ್ತಿತ್ತು. ನಾನು ಅನ್ಯಾಯವನ್ನು ಅಲುಗಿಸಲಾರದೆ, ಆ ಕರುಣೆಯನ್ನು ಮಾತ್ರ ನಿಲ್ಲಿಸಿದೆ.

ಎರಡನೆಯ ದಿನವೂ ಹಾಗೆಯೇ ಆಯಿತು. ಆಕೆ ಊರಾಚೆಯ ಹಳ್ಳಕ್ಕೆ ಹೋಗಿ, ಒಣಗಿದ ಮರಳಿನಲ್ಲಿ ಒರತೆ ತೋಡಿ, ತಂಬಿಗೆಯಿಂದ ಬಗೆಬಗೆದು ಮಧ್ಯಾಹ್ನದ ತನಕ ಒಂದು ಕೊಡ ತುಂಬಿ ತಂದಳು. ಮೂರನೆಯ ದಿನ ಬೆಳಿಗ್ಗೆ ನಾನು ಗೌಡರ ಮನೆಯ ಹಗ್ಗ, ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಒಂದು ಕೊಡ ಸೇದಿ, ಕಟ್ಟೆ ಇಳಿದು, ಹಗ್ಗದ ತುದಿಯನ್ನು ಆಕೆಯ ಮುಂದೆ ಹಿಡಿದೆ. ಎಲ್ಲರೂ ನೋಡುತ್ತಿದ್ದರು. ಅವರು ನೋಡಲೆಂದೇ ಹಿಡಿದೆನೇನೋ.

"ಬರ್ರಿ. ನಾನೂ ನಿಮ್ಮ ಜೋಡಿ ಸೇದ್ತೇನಿ. ಯಾರ ಏನ ಮಾಡ್ತಾರ ನೋಡೂಣು."

ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. ಧ್ವನಿ ತಗ್ಗಿಸಿ ಅಂದಳು: "ನನಗ ಹಗ್ಗಾ ಕೊಡಬ್ಯಾಡ್ರಿ ಅಕ್ಕೋರ. ನೀರ ಕೊಡ್ರಿ. ಕೂಸಿಗೆ ಮೂರ ದಿನಾ ಆತು ಎರದಿಲ್ಲ."

ನಾನು ಮತ್ತೆ ಕಟ್ಟೆ ಹತ್ತಿದೆ. ಮೇಲೆ ನಿಂತು ಆಕೆಯ ಕೊಡಕ್ಕೆ ನೀರು ಸುರಿದೆ. ನನ್ನ ಧಾರೆ ಅಡ್ಡಾದಿಡ್ಡಿ ಹೋಗಿ ಅರ್ಧ ನೆಲಕ್ಕೆ ಚೆಲ್ಲಿತು. ಪಕ್ಕದಲ್ಲಿ ಸೇದುತ್ತಿದ್ದವಳು, "ಧಾರಿ ಸಣ್ಣದ ಹಿಡೀರಿ ಅಕ್ಕೋರ. ಕಲೀತೀರಿ ಕಲೀತೀರಿ," ಎಂದಳು. ಅದು ಅಣಕವೂ ಹೌದು, ನಿಜವಾದ ಪಾಠವೂ ಹೌದು. ನಾಲ್ಕೈದು ದಿನಗಳಲ್ಲಿ ನಾನು ಕಲಿತೆ. ಒಂದು ಹನಿ ಹೊರಗೆ ಬೀಳದಂತೆ, ಕೊಡಕ್ಕೆ ಕೊಡ ತಾಗದಂತೆ, ದಿನಕ್ಕೆ ಆರು ಕೊಡ. ಊರಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ. ಗೌಡರ ತಾಯಿ ನನ್ನ ಅಂಗೈಯ ಬೊಬ್ಬೆಗೆ ಎಣ್ಣೆ ಹಚ್ಚಿ, "ಪುಣ್ಯದ ಕೆಲಸ ಮಾಡ್ತಿ ಯವ್ವಾ," ಎಂದರು. ಯಾವ ಪದ್ಧತಿಯನ್ನು ಖಂಡಿಸಿ ನಾನು ಪುಟ ತುಂಬಿಸಿದ್ದೆನೋ, ಅದನ್ನು ಆ ಊರಿನಲ್ಲಿ ಅತ್ಯಂತ ನಿಷ್ಠೆಯಿಂದ ನಡೆಸುವವಳು ನಾನೇ ಆದೆ.

ಈ ನಡುವೆ ಕಾಕಾ ಒಂದು ಚೀಟಿ ಕಳಿಸಿದರು. ಹೇಳಿದವಳೇ ಊರ ಮುಂದೆ ಅಲ್ಲಗಳೆದಿರುವುದರಿಂದ ಆ ಭಾಗವನ್ನು ತೆಗೆದು, 'ಬಾವಿ ಎಲ್ಲರಿಗೂ ಮುಕ್ತವೆಂದು ಗ್ರಾಮದ ಹಿರಿಯರು ಸಾರಿದರು' ಎಂದು ಬರೆಯಬೇಕು. ವಾಕ್ಯದಲ್ಲಿ ಸುಳ್ಳಿರಲಿಲ್ಲ, ಅವರು ಸಾರಿದ್ದು ನಿಜ. ಇಂಥ ನಿಜಗಳಿಂದಲೇ ನಮ್ಮ ಸೇವಾಸಂಸ್ಥೆಗಳ ವರದಿಗಳು ದಪ್ಪವಾಗುತ್ತವೆ. ನಾನು ಬರೆಯುವುದಿಲ್ಲವೆಂದು ಉತ್ತರಿಸಿದೆ. ಬರೆಯುವುದಕ್ಕೆ ನಾನೇ ಬೇಕಾಗಿರಲಿಲ್ಲ; ಬಾಗೇವಾಡಿಯಲ್ಲಿ ಬೇರೆ ಯಾರೋ ಬರೆದರು.

ನಮ್ಮ ಅವಧಿ ಮುಗಿಯಲು ನಾಲ್ಕು ದಿನವಿತ್ತು. ಗೆಳೆಯ ಬಂದು, "ನೀವು ಹೋದ ಮ್ಯಾಲ ಯಾರ ಹಾಕ್ತಾರ?" ಎಂದು ಕೇಳಿದ. ಚುಚ್ಚಲು ಕೇಳಿದ್ದಲ್ಲ. ಆತ ಆಗಲೇ ಕೇರಿಗೂ ಊರಿಗೂ ಓಡಾಡಿ, ಸಿಂಬಿಯ ಅಜ್ಜಿಯ ಬಳಿ ಕುಳಿತು ಎಲೆ ಅಡಿಕೆ ಮೆದ್ದು ಬಂದಿದ್ದ. "ದಿನಾ ಎರಡ ಕೊಡ ಹಾಕ್ತೇನಿ ಅಂತಾಳ ಅಜ್ಜಿ. ಬರಿಯಂಗಿಲ್ಲ ಅಂತ ಆಣಿ ಮಾಡಿಸಿಕೊಂಡ್ಲು." ಎರಡು ಕೊಡ. ಬಾಣಂತನಕ್ಕೆ ಆರು ಬೇಕು.

ಆ ಲೆಕ್ಕ ನನಗಿಂತ ಮೊದಲು ಆ ತಾಯಿಗೆ ಹೊಳೆದಿತ್ತು. ಮರುದಿನ ಸಿಂದಗಿಗೆ ಹೋಗುವ ಮೋಟಾರು ನಿಲ್ಲುವ ಬೇವಿನ ಮರದ ಕೆಳಗೆ ಅವರಿದ್ದರು: ಕಿವಿಗೆ ಬಟ್ಟೆ ಕಟ್ಟಿಕೊಂಡ ಎಳೆ ಬಾಣಂತಿ, ಕರೆದೊಯ್ಯಲು ಇಂಡಿ ಕಡೆಯ ಊರಿನಿಂದ ಬಂದ ಆಕೆಯ ಗಂಡ, ಮತ್ತು ಮೊಮ್ಮಗನನ್ನು ಎದೆಗೊತ್ತಿಕೊಂಡ ತಾಯಿ. ಸುದ್ದಿ ತಿಳಿದು ನಾನು ಓಡುತ್ತ ಹೋದೆ. ಕೂಸಿಗೆ ತಿಂಗಳು ತುಂಬಿ ಒಂದೆರಡು ದಿನ ಹೆಚ್ಚಾಗಿತ್ತು, ಅಷ್ಟೇ.

"ಯಾಕ ಕಳಸಾಕತ್ತೀರಿ? ಐದ ತಿಂಗಳ ಅಂದಿದ್ರಿ."

"ಅವರೂರಾಗ ನಮ್ಮ ಮಂದಿ ಬುದ್ಧನ ಧರ್ಮ ತಗೊಂಡಾರ್ರಿ. ತಮ್ಮ ಓಣ್ಯಾಗ ತಾವ ಬಾವಿ ತೋಡ್ಯಾರ. ಅಲ್ಲಿ ಯಾರನ್ನೂ ಕೇಳೂದಿಲ್ಲ." ಆಕೆ ಕೂಸಿನ ಕುಂಚಿಗೆ ಸರಿಮಾಡಿದಳು. "ನೀರ ಐತಿ. ಎರಿಯಾಕ ಅತ್ತಿ ಅದಾಳ."

ಅಳಿಯ ತಲೆ ತಗ್ಗಿಸಿ, "ನಮ್ಮವ್ವ ಏನೂ ಅನ್ನಂಗಿಲ್ರಿ ಅತ್ತಿ," ಎಂದ.

"ಅನ್ನಂಗಿಲ್ಲಪಾ. ನೀ ಇದ್ದಾಗ ಅನ್ನಂಗಿಲ್ಲ," ಎಂದಳು ಆಕೆ, ಅರ್ಧ ನಗುತ್ತ.

ನಾನು ತಪ್ಪು ನನ್ನದೆಂದೆ. ಕ್ಷಮಿಸಿ ಎಂದೆ. ಮೋಟಾರಿನ ಧೂಳು ದೂರದಲ್ಲಿ ಕಾಣಿಸಿತ್ತು.

"ಅದನ್ನ ಅಂದ್ರ ನಿಮಗ ಹಗರ ಆಗತೈತಿ, ಅನ್ರಿ," ಎಂದಳು. ಮಾತಿನಲ್ಲಿ ಕಹಿಯಿರಲಿಲ್ಲ, ದಣಿದ ದನಿ. "ನನಗೇನ ಹೇಳ್ರಿ ಆಗೂದು? ನಮ್ಮವ್ವ ಒಂಬತ್ತ ದಿನಕ್ಕ ಕಳಸಿದ್ಲು. ನಾ ತಿಂಗಳಿಗೆ ಕಳಸಿದೆ. ಅಷ್ಟ ಹೆಚ್ಚಿಗಿ."

ಮೋಟಾರು ನಿಂತಿತು. ಮಗಳು ಹತ್ತಿದಳು. ತಾಯಿ ಕೂಸನ್ನು ಎರಡೂ ಕೈಗಳಿಂದ ಮೇಲಕ್ಕೆತ್ತಿ ಕೊಟ್ಟಳು. ಹಿಂದಿನ ಸೀಟಿನ ಹೆಂಗಸು ಸೀರೆ ಒತ್ತಿಕೊಂಡು ಆಚೆ ಸರಿದಳು. ಜಾಗ ಕೊಡಲೆಂದು ಸರಿದಳೋ, ಮುಟ್ಟಬಾರದೆಂದು ಸರಿದಳೋ ಹೇಳಲಾರೆ.

ಮರುದಿನ ಬೆಳಿಗ್ಗೆ ನಾನು ಹಗ್ಗ, ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಒಂದು ಕೊಡ ಸೇದಿ ಕಟ್ಟೆಯ ಮೇಲಿಟ್ಟುಕೊಂಡು ಬಿಸಿಲೇರುವವರೆಗೆ ನಿಂತೆ. ಆಕೆ ಬರಲಿಲ್ಲ. ಮನೆಯಲ್ಲಿ ಈಗ ಗಂಡಹೆಂಡಿರು ಇಬ್ಬರೇ. ಹಳ್ಳದ ಒರತೆಯಲ್ಲಿ ಮಧ್ಯಾಹ್ನದ ತನಕ ಬಗೆದರೆ ಸಿಗುವ ಒಂದು ಕೊಡ ಅವರಿಬ್ಬರಿಗೆ ಹೇಗೋ ಸಾಕಾಗುತ್ತಿತ್ತು.